ಮೋರಿ ಹತ್ತಿರ ನಿಲ್ಲುವ ಬಸ್ಸು

ಬಸ್ಸಿನ ಜೊತೆಗಾರ ಬಾಷಾನಿಗೆ, ನಿನ್ನ ಡ್ರೈವರ್ ರಂಗಸ್ವಾಮಿ ಬರೆಯುತ್ತಿರುವುದು.

ನೀನಿದ್ದಾಗ ನಿನಗೆ ಒಂದು ಸಾಲು ಬರೆದವನಲ್ಲ ನಾನು. ಬರೆಯುವ ಅಗತ್ಯವಾದರೂ ಏನಿತ್ತು? ಬೆಳಗ್ಗೆ ತರೀಕೆರೆಯಲ್ಲಿ ಬಸ್ಸು ಹತ್ತಿದರೆ ಅಜ್ಜಂಪುರ, ಬೀರೂರು, ಕಡೂರು ಮುಟ್ಟಿ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು ಬಂದು ಇಳಿಯುವವರೆಗೂ ನಿನ್ನ ಬಾಯಿ, ನನ್ನ ಕಿವಿ. ಹೆಂಡತಿ ಮಕ್ಕಳ ಜೊತೆಗಿಂತ ಹೆಚ್ಚು ಹೊತ್ತು ನಾವಿಬ್ಬರೇ ಒಟ್ಟಿಗಿದ್ದೆವು. ಈಗ ಮಾತಾಡಬೇಕೆಂದರೆ ಹೀಗೆ ಕಾಗದ ಹಿಡಿದು ಕೂರಬೇಕಾಗಿದೆ. ನೀನು ಹೋಗಿ ವರ್ಷ ತುಂಬುತ್ತಾ ಬಂತು. ನಿನಗೆ ತಲುಪದ ಒಂದು ಸುದ್ದಿ ನನ್ನ ಹತ್ತಿರ ಇದೆ. ಅದನ್ನು ಹೇಳದೆ ನನಗೆ ನೆಮ್ಮದಿಯಿಲ್ಲ. ಆದರೆ ಮೊದಲಿನಿಂದ ಹೇಳಿಕೊಂಡು ಬರುತ್ತೇನೆ, ತಾಳ್ಮೆಯಿಂದ ಕೇಳು. ಮಧ್ಯದಲ್ಲಿ ಬಾಯಿ ಹಾಕುವ ನಿನ್ನ ಚಾಳಿ ಇನ್ನಾದರೂ ಬಿಡು.

ಎಮರ್ಜೆನ್ಸಿ ಮುಗಿದ ಬೇಸಿಗೆ ನೆನಪಿದೆಯಾ? ಕಡೂರು ಬಿಟ್ಟು ಬೀರೂರಿನ ಕಡೆ ಬರುತ್ತಿದ್ದೆವು. ರಸ್ತೆಯ ಮೇಲೆ ನೀರು ನಿಂತ ಹಾಗೆ ಬಿಸಿಲುಗುದುರೆ ಕುಣಿಯುತ್ತಿತ್ತು. ಅದೇನು ನಮಗೆ ಹೊಸದಲ್ಲ. ಆದರೆ ಆವತ್ತು ಅದು ರಸ್ತೆ ಬಿಟ್ಟೆದ್ದು ಗಾಜಿಗೆ ಬಂತು, ಗಾಜಿನಿಂದ ನನ್ನ ಕಣ್ಣೊಳಕ್ಕೇ ಬಂತು. ಎದುರಿಗೆ ಬರುತ್ತಿದ್ದ ಗಾಡಿಯಲ್ಲಿ ಒಂದು ಎತ್ತು ಇತ್ತು, ಜೋಡಿ ಎತ್ತು ಇರಲೇ ಇಲ್ಲ. ಬಸ್ಸನ್ನು ಪಕ್ಕಕ್ಕೆಳೆದು ನಿಲ್ಲಿಸಿದೆ. ನೋಟದ ನಡುವೆ ಒಂದು ಸಣ್ಣ ಚುಕ್ಕಿ ಇತ್ತು, ಅದು ನೋಡುನೋಡುತ್ತಿದ್ದಂತೆ ದೊಡ್ಡದಾಯಿತು. ಅದರ ಅಂಚಿಗೆ ಗರಗಸದ ಹಲ್ಲು ಮೂಡಿ, ಹಲ್ಲುಹಲ್ಲೂ ಫಳಫಳ ಹೊಳೆಯುತ್ತಾ ಎಡಗಡೆಯನ್ನೆಲ್ಲ ನುಂಗತೊಡಗಿತು. ಎಡಗಣ್ಣು ಮುಚ್ಚಿದರೂ ಇತ್ತು, ಬಲಗಣ್ಣು ಮುಚ್ಚಿದರೂ ಇತ್ತು. ಎರಡೂ ಮುಚ್ಚಿದರೆ ಆ ಕತ್ತಲೊಳಗೂ ಇತ್ತು. ನೀನು ಟಿಕೆಟ್ ಹರಿಯುವುದು ಬಿಟ್ಟು ಮುಂದೆ ಬಂದೆ.

"ಏನಾಯ್ತೋ ರಂಗ?"

"ಬಾಷಾ, ನಿನ್ನ ಮುಖದಾಗೆ ಅರ್ಧ ಇಲ್ಲ ಕಣೋ."

ಬೇರೆ ಯಾರಾದರೂ ಆಗಿದ್ದರೆ ಕೂಗಾಡಿ ಬಸ್ಸನ್ನೆಲ್ಲ ಎಬ್ಬಿಸುತ್ತಿದ್ದರು. ನೀನು ನನ್ನ ಮುಖವನ್ನೇ ನೋಡಿದೆ. ಹಿಂದಕ್ಕೆ ತಿರುಗಿ, "ಇಂಜಿನ್ ಕಾದ್ಬಿಟ್ಟೈತೆ ಕಣ್ರಪ್ಪಾ, ನೀರು ಹಾಕ್ಬೇಕು, ಎಲ್ಲಾ ಇಳ್ಕಳಿ, ನೆಳ್ಳಾಗೆ ನಿಂತ್ಕಳಿ" ಎಂದು ಕೂಗಿದೆ. ಆ ಕಾಲದ ಬಸ್ಸಿಗೆ ಕಾಯುವುದೂ ಒಂದು ಕಸುಬು, ಯಾರಿಗೂ ಅನುಮಾನ ಬರಲಿಲ್ಲ. ಅರ್ಧ ಗಂಟೆಯಾಗಿತ್ತೇನೋ, ಗರಗಸ ಅಂಚಿಗೆ ಸರಿದು ಸರಿದು ಎಲ್ಲೋ ಜಾರಿಹೋಯಿತು. ನಿನ್ನ ಮುಖ ಪೂರ್ತಿ ವಾಪಸ್ಸು ಬಂತು. ಬಲಗಡೆ ತಲೆ ಮಾತ್ರ ಸಂಜೆಯವರೆಗೂ ಸಿಡಿಯುತ್ತಿತ್ತು.

ಕಣ್ಣು ಹೋಗುತ್ತದೆ ಎಂದೇ ನಾನು ತೀರ್ಮಾನಿಸಿಬಿಟ್ಟೆ. ಡ್ರೈವರ್‌ಗೆ ಕಣ್ಣು ಹೋದಮೇಲೆ ಉಳಿಯುವುದೇನು? ಓದಿದವನಲ್ಲ, ಹೊಲ ಮನೆ ಇದ್ದವನಲ್ಲ. ಕ್ಲೀನರ್ ಆಗಿ ಸೇರಿ, ಬೈಸಿಕೊಂಡು ಕಲಿತ ವಿದ್ಯೆ ಇದೊಂದೇ. ಅವ್ವ ಊರ ದೇವಿಗೆ ಬೆಳ್ಳಿ ಕಣ್ಣು ಹರಕೆ ಹೊತ್ತು ಒಪ್ಪಿಸಿ ಬಂದಳು. ನಿಮ್ಮಮ್ಮ ತಾಯತ ಕಟ್ಟಿಸಿ ಕಳಿಸಿದರು. ನೀನು ತಾಯತವನ್ನು ನನ್ನ ತೋಳಿಗೆ ಬಿಗಿಯುತ್ತಾ, "ಇದ್ದ ಎರಡು ಕಣ್ಣು ದೇವ್ರಿಗೆ ಕೊಟ್ಟು ಬಂದ್ಯಲ್ಲೋ, ನಿಂಗ್ಯಾರು ಕೊಡ್ತಾರೆ?" ಎಂದು ನಕ್ಕೆ. ನನಗೆ ಸಿಟ್ಟು ಬಂದಿತ್ತು. ಆಮೇಲೆ ನೀನೇ ಒಂದು ದಿನ ರಜೆ ಹಾಕಿಸಿ, ಬೆಳಗಿನ ರೈಲಿಗೆ ನನ್ನನ್ನು ಶಿವಮೊಗ್ಗಕ್ಕೆ ಎಳೆದುಕೊಂಡು ಹೋದೆ.

ಕಣ್ಣಿನ ಡಾಕ್ಟರು ದೀಪ ಹಾಕಿ, ಔಷಧಿ ಬಿಟ್ಟು, ಅಕ್ಷರ ಓದಿಸಿ ನೋಡಿದರು. "ಕಣ್ಣು ಗಟ್ಟಿಯಾಗಿದೆಯಪ್ಪ. ಇದು ಮೈಗ್ರೇನು. ಅರೆತಲೆನೋವು ಅಂತೀರಲ್ಲ, ಆ ಜಾತಿಯದು. ಕೆಲವರಿಗೆ ನೋವು ಬರುವ ಮುಂಚೆ ಹೀಗೆ ಕಣ್ಣಿಗೆ ಕಾಣಿಸಿಕೊಳ್ಳುತ್ತೆ. ಕೆಲವರಿಗೆ ನೋವೇ ಇರಲ್ಲ, ಇದಷ್ಟೇ" ಎಂದರು. ಹೊಟ್ಟೆ ಖಾಲಿ ಬಿಡಬೇಡ, ನಿದ್ದೆ ಕೆಡಬೇಡ, ಕಣ್ಣಿಗೆ ಝಳ ಹೊಡೆಯದಂತೆ ನೋಡಿಕೋ ಎಂದರು. ನಾನು ಎದ್ದು ಹೊರಟಿದ್ದೆ. ನೀನು ಬಿಡಲಿಲ್ಲ. "ಇವ್ನು ಬಸ್ ಡ್ರೈವರ್ರು ಡಾಕ್ಟ್ರೇ" ಎಂದು ಹೇಳಿಯೇಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಚುಕ್ಕಿ ಕಂಡ ಕೂಡಲೇ ನಿಲ್ಲಿಸಬೇಕು, ಪೂರ್ತಿ ಹೋಗುವ ತನಕ ಸ್ಟೇರಿಂಗ್ ಮುಟ್ಟಬಾರದು, ಪದೇ ಪದೇ ಬರತೊಡಗಿದರೆ ಕೆಲಸವನ್ನೇ ಬಿಡಬೇಕು ಎಂದರು. ವಾಪಸ್ಸು ಬರುವಾಗ ರೈಲಿನ ಬಾಗಿಲಲ್ಲಿ ಕೂತು ಭದ್ರಾವತಿ ದಾಟುವವರೆಗೂ ನೀನು ಮಾತಾಡಲಿಲ್ಲ. ಬಾಷಾ ಮಾತಾಡದೆ ಕೂತರೆ ಹೆದರಿಕೆ ಆಗುವುದು ನನಗೆ. ಕೊನೆಗೆ ನೀನೇ ಹೇಳಿದೆ:

"ನೋಡು ರಂಗ. ಓನರ್‌ಗೆ ಗೊತ್ತಾದ್ರೆ ಇವತ್ತೇ ಕೀ ಕಿತ್ಕಂತಾನೆ. ನಾನು ಹೇಳಲ್ಲ. ಆದ್ರೆ ಚುಕ್ಕಿ ಬಂದಿದ್ದು ನಂಗೆ ಮುಚ್ಚಿಟ್ರೆ, ನಾನೇ ಹೋಗಿ ಹೇಳ್ತೀನಿ. ನಾನು ಹಿಂದೆ ನಿಂತಿರೋವರ್ಗೂ ಓಡ್ಸು. ನಾನಿಲ್ದಿದ್ ದಿನ ಕೀ ಕೊಟ್ಬಿಡು."

"ನೀನೆಲ್ಲಿಗೆ ಹೋಗ್ತೀಯೋ, ಗೂಟ ಹೊಡ್ಕಂಡು ಕೂತಿರೋನು" ಎಂದೆ. ಹಾಗೆಂದೆನಲ್ಲ ಬಾಷಾ...

ಆಮೇಲೆ ಶುರುವಾಯಿತು ನಿನ್ನ ದರ್ಬಾರು. ಬೀರೂರಿನಲ್ಲಿ ಊಟದ ಹೊತ್ತು ಸ್ವಲ್ಪ ತಪ್ಪಿದರೂ ನನ್ನ ಬಾಯಿಗೆ ಬಾಳೆಹಣ್ಣು ತುರುಕುವುದು. ರಂಜಾನಿನಲ್ಲಿ ನೀನು ಉಪವಾಸ, ತೊಟ್ಟು ನೀರಿಲ್ಲ, ಆದರೂ ನಿನ್ನ ಹೆಂಡತಿ ಭಾಬಿಯ ಕೈಯಲ್ಲಿ ನನಗೆ ಬುತ್ತಿ ಕಟ್ಟಿಸಿಕೊಂಡು ಬಂದು ಎದುರಿಗೆ ನಿಂತು ತಿನ್ನಿಸುತ್ತಿದ್ದೆ. ನಾಚಿಕೆಯಾಗಿ ನಾನು ಆ ಕಡೆ ತಿರುಗಿ ತಿಂದರೆ, "ಈ ಕಡೆ ತಿರುಗ್ಲೇ, ನುಂಗಿದ್ದು ನೋಡ್ಬೇಕು" ಎನ್ನುತ್ತಿದ್ದೆ. ಕಡೂರಿನಲ್ಲಿ ನನಗೊಂದು ಕಪ್ಪು ಕನ್ನಡಕ ಕೊಂಡುಕೊಂಡು ಬಂದೆ. ಅದನ್ನು ಹಾಕಿಕೊಂಡ ದಿನ ಕಾಲೇಜು ಹುಡುಗಿಯರು ಕಿಸಕ್ಕೆಂದದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ. ಇನ್ನೊಂದು ನಿನ್ನ ಕಾನೂನು: ಗರಗಸ ಬಂದು ಹೋದಮೇಲೆ ನೀನು ನನ್ನೆದುರು ನಿಂತು, "ಮೂಗು ಕಾಣ್ತದಾ? ಎರಡೂ ಕಿವಿ ಕಾಣ್ತದಾ?" ಎಂದು ಕೇಳುವುದು. ಎರಡೂ ಕಿವಿ ಕಂಡರೆ ಮಾತ್ರ "ರೈಟ್". ನಿನ್ನ ರೈಟ್ ಇಲ್ಲದೆ ಬಸ್ಸು ಒಂದು ಗೇಣು ಅಲ್ಲಾಡುವಂತಿರಲಿಲ್ಲ.

ಎಲ್ಲಾ ಹತೋಟಿಗೆ ಬಂತು, ಆ ಒಂದು ಜಾಗ ಬಿಟ್ಟು. ಅಜ್ಜಂಪುರ ಬಿಟ್ಟು ತರೀಕೆರೆ ಕಡೆ ಬರುವಾಗ ಇಳಿಬಿಸಿಲು ಮುಖಕ್ಕೇ ಹೊಡೆಯುತ್ತದೆ. ರಸ್ತೆ ಪಕ್ಕದ ಸಾಲುಮರದ ಸಂದಿಯಿಂದ ಬಿಸಿಲು ನೆರಳು, ಬಿಸಿಲು ನೆರಳು ಎಂದು ಕಣ್ಣಿಗೆ ಚಟಚಟ ಬಡಿಯುತ್ತದೆ. ಕಪ್ಪು ಕನ್ನಡಕಕ್ಕೂ ಅದು ಜಗ್ಗುತ್ತಿರಲಿಲ್ಲ. ಬರುವುದಿದ್ದರೆ ಬಹುಪಾಲು ಅಲ್ಲೇ ಬರುತ್ತಿತ್ತು, ಆ ಮರಗಳು ಮುಗಿದ ಮೇಲೆ ಹಳ್ಳಕ್ಕೆ ಕಟ್ಟಿದ ಮೋರಿಯ ಹತ್ತಿರ. ಟೈಮು ಬದಲಾಯಿಸಿ ಎಂದು ನೀನು ಓನರ್ ಹತ್ತಿರ ಏನೇನೋ ನೆಪ ಹೇಳಿ ನೋಡಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ತಿಂಗಳಿಗೆ ಒಂದೆರಡು ಸಲ ಮೋರಿ ಹತ್ತಿರ ಬಸ್ಸು ನಿಂತೇ ನಿಲ್ಲುತ್ತಿತ್ತು. ಪದೇ ಪದೇ ಎಂದರೆ ಎಷ್ಟು ಎಂದು ಡಾಕ್ಟರು ಹೇಳಿರಲಿಲ್ಲ, ನಾವೂ ಮತ್ತೆ ಹೋಗಿ ಕೇಳಲಿಲ್ಲ.

ಅಲ್ಲೇ ಅಲ್ಲವೇ ಆ ತಮಾಷೆ ನಡೆದದ್ದು? ನೀನು ಕ್ಯಾನು ಹಿಡಿದು ಮೋರಿ ಕೆಳಗಿಳಿದು ನೀರು ತಂದು, ನೀರು ತುಂಬಿಯೇ ಇದ್ದ ರೇಡಿಯೇಟರಿಗೆ ಹುಯ್ದಂತೆ ಮಾಡಿದೆ. ಉಳಿದ ನೀರಲ್ಲಿ ಮುಖದ ಧೂಳು ತೊಳೆದುಕೊಂಡೆ, ಕೈ ತೊಳೆದೆ, ಕಾಲಿಗೂ ಹುಯ್ದುಕೊಂಡೆ. ದಿನಾ ಅಜ್ಜಂಪುರಕ್ಕೆ ಸೊಪ್ಪು ಮಾರಲು ಹೋಗಿ ಬರುವ ಪುಟ್ಟಮ್ಮಜ್ಜಿ ಕಿಟಕಿಯಿಂದ ನೋಡುತ್ತಿದ್ದಳು. "ಸಾಬ್ರು ಕೈಕಾಲು ಮುಖ ತೊಳ್ಕಂತಾವ್ರೆ, ನಮಾಜಿಗೆ ನಿಂತ್ರು ಕಣ್ರೋ. ಬಾಯಿ ಮುಚ್ಕಂಡು ಕೂತ್ಕಳಿ!" ಎಂದು ಗದರಿದಳು. ಬಸ್ಸಿಗೆ ಬಸ್ಸೇ ಗಪ್‌ಚಿಪ್. ಬೀಡಿ ಸೇದುತ್ತಿದ್ದವನು ಬೀಡಿ ಆರಿಸಿದ. ಅಳುವ ಮಗುವಿನ ಬಾಯಿಗೆ ತಾಯಿ ಬೆಲ್ಲ ಇಟ್ಟಳು. ನೀನು ಗಾಜಿನಾಚೆಯಿಂದ ನನ್ನನ್ನು ನೋಡಿದೆ. ನನಗೆ ನಿನ್ನ ಅರ್ಧ ಮುಖವೇ ಕಾಣುತ್ತಿದ್ದರೂ ಅದರಲ್ಲಿ ಪೂರ್ತಿ ಗಾಬರಿ ಕಾಣಿಸಿತು. ಶುಕ್ರವಾರದ ಜುಮ್ಮಾ ಬಿಟ್ಟರೆ ಮಸೀದಿಯ ಮುಖ ನೋಡದ ಆಸಾಮಿ ನೀನು! ಆದರೂ ಹೆಗಲ ಮೇಲಿನ ಟವೆಲ್ ತೆಗೆದು ಬಾನೆಟ್ಟಿನ ಮುಂದೆ ಹಾಸಿ, ಪಡುವಣಕ್ಕೆ ಮುಖ ಮಾಡಿ ನಿಂತೇಬಿಟ್ಟೆ.

ಆವತ್ತಿನಿಂದ ರೇಡಿಯೇಟರ್ ಕಥೆ ಮುಗಿಯಿತು. ಬಸ್ಸು ಮೋರಿ ಹತ್ತಿರ ನಿಂತರೆ ಬಾಷಾ ಸಾಬರ ನಮಾಜು ಎಂದು ಜನ ತಾವಾಗಿಯೇ ಇಳಿದು ಮೌನವಾಗಿ ನಿಲ್ಲುತ್ತಿದ್ದರು. ಒಂದು ಸಲ ಅಜ್ಜಂಪುರದ ಬಳೆ ವ್ಯಾಪಾರದ ಮುದುಕರು ಬಸ್ಸಿನಲ್ಲಿದ್ದರು. ಅವರಿಗೆ ನಮಾಜಿನ ಹೊತ್ತುಗಳ ಲೆಕ್ಕ ಗೊತ್ತು. ನಿನ್ನ ಪಾಡಿಗೆ ನೀನು ಮುಗಿಸಿ ಏಳುತ್ತಿದ್ದಂತೆ, "ಯೇ ಕೌನ್ಸೀ ನಮಾಜ್ ಹೈ ರೇ ಬಾಷಾ?" ಎಂದರು, ಇದ್ಯಾವ ಹೊತ್ತಿನ ನಮಾಜು ಎಂದು. ನೀನು ಟವೆಲ್ ಕೊಡವುತ್ತಾ, "ಮುಸಾಫಿರಾಂ ಕೀ ನಮಾಜ್, ಚಾಚಾ" ಎಂದೆ. ಪ್ರಯಾಣಿಕರಿಗೋಸ್ಕರ ಮಾಡುವ ನಮಾಜಂತೆ! ಚಾಚಾ ನಿನ್ನನ್ನೊಮ್ಮೆ, ಕಣ್ಣು ಉಜ್ಜಿಕೊಳ್ಳುತ್ತಾ ಕೂತ ನನ್ನನ್ನೊಮ್ಮೆ ನೋಡಿ ಬಸ್ಸು ಹತ್ತಿದರು.

ನಾನೇ ಒಂದು ದಿನ ಕೆಣಕಿದೆ. "ಚೆನ್ನಾಗಿ ನಾಟ್ಕ ಕಲ್ತಿದೀಯ ಕಣೋ" ಎಂದೆ. ನೀನು ನಗುತ್ತೀಯ ಎಂದುಕೊಂಡಿದ್ದೆ. ನೀನು ನಗಲಿಲ್ಲ.

"ಮೊದ್ಲಿನ್ ದಿನ ನಾಟ್ಕಾನೇ. ಆದ್ರೆ ಹಣೆ ನೆಲಕ್ಕೆ ತಾಗ್ದಾಗ ಭಯ ಆಯ್ತು ಕಣೋ. ಸುಳ್ಳು ನಮಾಜ್ ಮಾಡೋಕಾಗಲ್ಲ ರಂಗ. ಹಿಂದೆ ಅಷ್ಟ್ ಜನ ಸುಮ್ನೆ ನಿಂತವ್ರೆ, ಮೇಲೆ ಅವ್ನು ನೋಡ್ತವ್ನೆ. ನಿಂತ್ಮೇಲೆ ನಿಜವಾಗ್ಲೇ ಮಾಡ್ಬೇಕು."

"ಏನು ಬೇಡ್ಕಂತೀಯ?"

"ಇನ್ನೇನ್ ಬೇಡ್ಲಿ? ಬಸ್ ಮನೆ ಸೇರ್ಲಿ ಅಂತ."

ನಿಜ ಹೇಳುತ್ತೇನೆ ಬಾಷಾ. ಆ ಗರಗಸದ ಹೊಳಪಿಗೆ ನಾನು ಹೆದರುತ್ತಿದ್ದವನು, ಆಮೇಲಾಮೇಲೆ ಹೆದರಲಿಲ್ಲ. ಎಡಗಡೆ ಲೋಕ ಮಾಯವಾಗಿರುತ್ತಿತ್ತು, ಬಲಗಡೆ ಗಾಜಿನಾಚೆ ನಿನ್ನ ಬೆನ್ನು ಬಗ್ಗುವುದು ಏಳುವುದು ಕಾಣುತ್ತಿತ್ತು. ಅಷ್ಟು ಕಂಡರೆ ಸಾಕಿತ್ತು ನನಗೆ. ಜೊತೆಗೆ, ನೀನು ಬಾನೆಟ್ಟಿನ ಮುಂದೆ ನಿಂತಿರುವಾಗ ನನ್ನ ಕೊಬ್ಬಿಗೆ ನಾನು ಬಸ್ಸು ಬಿಡುವುದಕ್ಕೂ ಆಗುತ್ತಿರಲಿಲ್ಲ. ಅದನ್ನೂ ಯೋಚಿಸಿಯೇ ಅಲ್ಲಿ ನಿಲ್ಲುತ್ತಿದ್ದೆಯಾ?

ಆ ದಿನ ನೀನು ರಜೆಯಲ್ಲಿದ್ದೆ. ಮೈ ಬಿಸಿ, ಎದೆಯಲ್ಲಿ ಏನೋ ಹಿಡಿದಂತಿದೆ, ನಾಳೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದೆ. ಇಳಿಹೊತ್ತಿಗೆ ವಾಪಸ್ಸು ಬರುತ್ತಾ ಅಜ್ಜಂಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸುತ್ತಿದ್ದಂತೆ ತರೀಕೆರೆಯಿಂದ ಬಂದ ಇನ್ನೊಂದು ಬಸ್ಸಿನ ಡ್ರೈವರ್ ಇಳಿದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟು, "ಬಾಷಾ ಹೋದ ಕಣೋ" ಎಂದ. ತುಂಬಿದ ಬಸ್ಸು, ಬಿಟ್ಟು ಓಡುವ ಹಾಗಿಲ್ಲ. ಅದೇ ಸಾಲುಮರ, ಅದೇ ಇಳಿಬಿಸಿಲು. ಕಣ್ಣಿಗೆ ಏನೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಒಂದು ಗಳಿಗೆ ನಿಂತು ಅಳಬಹುದಿತ್ತು. ಕತ್ತಲಾಗುವ ಹೊತ್ತಿಗೆ ನಿನ್ನ ಗುಂಡಿಗೆ ಮೂರು ಹಿಡಿ ಮಣ್ಣು ಹಾಕುವಾಗ ಕೈ ಏಳಲಿಲ್ಲ ಕಣೋ. ನಿಮ್ಮಣ್ಣನೇ ನನ್ನ ಮುಂಗೈ ಹಿಡಿದು ಹಾಕಿಸಿದರು.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಗೆ ಮನೆಗೆ ಹೋದೆ. ಎಲ್ಲರ ಊಟ ಮುಗಿದ ಮೇಲೆ ಭಾಬಿ ಬಾಗಿಲ ಮರೆಯಲ್ಲಿ ನಿಂತು ಕರೆದರು. "ಭಾಯ್, ಒಂದ್ ಮಾತು. ಅವ್ರು ಮನೇಲಿ ಒಂದ್ ಹೊತ್ತೂ ನಮಾಜ್ ಮಾಡ್ದೋರಲ್ಲ. ಬೈದ್ರೆ, ಬಸ್ಸಾಗೆ ಮಾಡ್ತೀನಿ ಬಿಡು ಅಂತ ನಗೋರು. ನಂಗೆ ನಿದ್ದೆ ಬರಲ್ಲ ಭಾಯ್. ಅವ್ರು ನಿಜವಾಗ್ಲೂ ಮಾಡ್ತಿದ್ರಾ?" ಎಂದರು. "ಮಾಡ್ತಿದ್ದ ಭಾಬಿ" ಎಂದೆ. ಅಷ್ಟು ಹೇಳಿ ಚಪ್ಪಲಿ ಹುಡುಕತೊಡಗಿದೆ. ಗೆಳೆಯನ ಮಾನ ಉಳಿಸುವುದಕ್ಕೆ ಹೀಗೆ ಹೇಳುತ್ತಿದ್ದಾನೆ ಎಂದುಕೊಂಡರೇನೋ. ಸೆರಗಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು. ಆ ಮುಖ ನನ್ನನ್ನು ಬಿಡಲಿಲ್ಲ.

ಕೀ ಕೊಡಬೇಕಿತ್ತು. ನೀನು ಹೇಳಿದ್ದು ಮರೆತಿರಲಿಲ್ಲ. ಸಾಕಾಗಿದೆ, ಬಿಡುತ್ತೇನೆ ಎಂದು ಮೊದಲೇ ಓನರ್‌ಗೆ ಹೇಳಿದ್ದೆ. ಬೇರೆ ಡ್ರೈವರ್ ಸಿಗುವವರೆಗೆ ಓಡಿಸು ಎಂದಿದ್ದರು. ಹೊಸ ಕಂಡಕ್ಟರು ಚನ್ನಗಿರಿ ಕಡೆಯವನು, ಕೆಲಸದಲ್ಲಿ ಚುರುಕು, ಬಾಯಿ ಮಾತ್ರ ಮೆಣಸಿನಕಾಯಿ. ಒಂದು ಸಂಜೆ ಮರಗಳು ಮುಗಿಯುತ್ತಿದ್ದಂತೆ ನಡುವೆ ಚುಕ್ಕಿ ಕಂಡಿತು. ಮೋರಿ ಹತ್ತಿರ ನಿಲ್ಲಿಸಿದೆ.

"ಯಾರ್ರೀ ಓಲ್ಡಾನ್ ಅಂದಿದ್ದು? ರೈಟ್, ರೈಟ್!" ಎಂದು ಅವನು ಹಿಂದಿನಿಂದ ಕಿರುಚಿದ. ಏನು ಹೇಳಲಿ? ರೇಡಿಯೇಟರ್ ಎನ್ನಲೇ? ಅಷ್ಟರಲ್ಲಿ ಪುಟ್ಟಮ್ಮಜ್ಜಿ ಎದ್ದಳು.

"ಸುಮ್ನಿರಪ್ಪ. ಬಾಷಾ ಸಾಬ್ರು ನಮಾಜಿನ ಹೊತ್ತು ಇದು."

"ಯಾವ ಬಾಷಾ ಸಾಬ್ರು? ಅವ್ರು ತೀರ್ಕಂಡ್ರಂತಲ್ಲ!"

"ತೀರ್ಕಂಡ್ರೆ? ಹೊತ್ತೇನು ತೀರ್ಕಂತದಾ? ಡ್ರೈವರಪ್ಪ ನೆಪ್ಪಿಟ್ಕಂಡು ನಿಲ್ಸವ್ನೆ, ನಿಂಗೇನಾಯ್ತು? ಇಳೀರಿ ಎಲ್ಲಾ."

ಎಲ್ಲರೂ ಇಳಿದರು ಬಾಷಾ. ಯಾರೂ ಗೊಣಗಲಿಲ್ಲ. ಬಾನೆಟ್ಟಿನ ಮುಂದೆ ಹೋಗಿ ನಿಂತಿದ್ದ ಒಬ್ಬನನ್ನು ಇನ್ಯಾರೋ ರಟ್ಟೆ ಹಿಡಿದು, "ಅಲ್ಲಿ ತುಳೀಬ್ಯಾಡ್ಲೇ, ಸಾಬ್ರು ಜಾಗ ಅದು" ಎಂದು ಈಚೆ ಎಳೆದ. ಎಲ್ಲರೂ ಸುತ್ತ ನಿಂತರು, ನಡುವೆ ಒಂದು ಟವೆಲ್ ಹಾಸುವಷ್ಟು ನೆಲ ಬಿಟ್ಟರು. ನಾನು ಸೀಟಿನಲ್ಲೇ ಕೂತು ಗಾಜಿನಿಂದ ನೋಡುತ್ತಿದ್ದೆ. ಅವರು ಬಿಟ್ಟ ಖಾಲಿ ಯಾವುದು, ನನ್ನ ಕಣ್ಣಿನ ಖಾಲಿ ಯಾವುದು ಎಂದು ಗೊತ್ತಾಗಲಿಲ್ಲ. ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಗರಗಸ ಸರಿದುಹೋದಮೇಲೆ, ಹತ್ತಲು ಬಂದ ಅಜ್ಜಿಯನ್ನು ತಡೆದು, "ಅಜ್ಜಿ, ಸ್ವಲ್ಪ ನನ್ನ ಕಡೆ ನೋಡು" ಎಂದೆ. ನೋಡಿದಳು. ಎರಡೂ ಕಿವಿಯ ಓಲೆ ಕಂಡವು. ಮೆತ್ತಗೆ ಓಡಿಸಿ ತರೀಕೆರೆ ಮುಟ್ಟಿಸಿದೆ. ಸೀದಾ ಓನರ್ ಮನೆಗೆ ಹೋಗಿ, ಕಣ್ಣಿನ ವಿಷಯವನ್ನೆಲ್ಲ ಹೇಳಿ, ಕೀ ಅವರ ಕೈಯಲ್ಲಿಟ್ಟೆ. ಅವರು ಕೀಯನ್ನೇ ನೋಡುತ್ತಾ, "ಇಷ್ಟು ದಿನ ಹೆಂಗೆ ಓಡಿಸ್ದೆಯೋ ಮಾರಾಯ?" ಎಂದರು. ಬಾಷಾ ಇದ್ದ ಎಂದೆ.

ಈಗ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಟೈಮು ನೋಡುವ ಕೆಲಸ ಕೊಟ್ಟಿದ್ದಾರೆ. ಗರಗಸ ಈಗಲೂ ಬರುತ್ತದೆ, ಬಂದಾಗ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರುತ್ತೇನೆ. ಯಾರ ಜೀವಕ್ಕೂ ಅದರಿಂದ ಕುತ್ತಿಲ್ಲ. ಸ್ಟೇರಿಂಗ್ ಹಿಡಿಯದ ಕೈ ಮಾತ್ರ ಸಂಜೆ ಹೊತ್ತಿಗೆ ಸುಮ್ಮನೆ ತಡವರಿಸುತ್ತದೆ.

ಸುದ್ದಿ ಇನ್ನೂ ಹೇಳಲಿಲ್ಲ ಅಲ್ಲವೇ? ಹೋದ ವಾರ ಅಜ್ಜಂಪುರದ ನೆಂಟರ ಮನೆಗೆ ಹೋಗಿ ನಮ್ಮ ಬಸ್ಸಿನಲ್ಲೇ ವಾಪಸ್ಸು ಬರುತ್ತಿದ್ದೆ. ಹೊಸ ಡ್ರೈವರ್ ಗಟ್ಟಿ ಆಳು, ಅವನ ಕಣ್ಣು ಹದ್ದಿನ ಕಣ್ಣು. ಮರಗಳು ಮುಗಿದವು. ಮೋರಿ ಬಂತು. ಬಸ್ಸು ನಿಂತಿತು.

"ಯಾಕಪ್ಪಾ, ಏನಾಯ್ತು?" ಎಂದು ಗಾಬರಿಯಾಗಿ ಕೇಳಿದೆ.

"ಏನಿಲ್ಲಣ್ಣ. ದಿನಾ ಇಲ್ಲಿ ಒಂದೀಟು ಹೊತ್ತು ನಿಲ್ಲಿಸ್ಬೇಕು, ಇಲ್ದಿದ್ರೆ ಈ ಜನ ಬಿಡಲ್ಲ. ಮೊದ್ಲು ಯಾರೋ ಬಾಷಾ ಸಾಬ್ರು ಅಂತ ಇದ್ರಂತೆ. ಭಾರೀ ದೈವಭಕ್ತರಂತೆ. ಎಲ್ಲಿದ್ರೂ ನಮಾಜ್ ತಪ್ಪಿಸ್ತಿರ್ಲಿಲ್ವಂತೆ."

ನಾನು ತುಟಿ ಕಚ್ಚಿಕೊಂಡು ಇಳಿದೆ. ಚನ್ನಗಿರಿಯ ಕಂಡಕ್ಟರು ಕೂಡ ಬಾಯಿ ಮುಚ್ಚಿಕೊಂಡು ಟೋಪಿ ತೆಗೆದು ನಿಂತಿದ್ದ.

ಭಾಬಿಗೆ ಹೇಳಿ ಕಳಿಸಿದ್ದೇನೆ. ಬರುವ ಶುಕ್ರವಾರ ಅವರನ್ನು ಅಜ್ಜಂಪುರಕ್ಕೆ ಕರೆದುಕೊಂಡು ಹೋಗುತ್ತೇನೆ. ಯಾಕೆ, ಏನು ಎಂದು ಹೇಳಿಲ್ಲ, ಹೇಳುವುದೂ ಇಲ್ಲ. ಬರುವಾಗ ಡ್ರೈವರ್ ಹಿಂದಿನ ಸೀಟಿನಲ್ಲಿ, ಗಾಜಿನಿಂದ ರಸ್ತೆ ಕಾಣುವ ಹಾಗೆ ಕೂರಿಸುತ್ತೇನೆ. ಮೋರಿ ಹತ್ತಿರ ಬಸ್ಸು ನಿಂತು, ಜನರೆಲ್ಲ ಇಳಿದು, ನಡುವೆ ಅಷ್ಟು ನೆಲ ಬಿಟ್ಟು ಸುಮ್ಮನಾದಾಗ, ಯಾರಿಗೋಸ್ಕರ ಎಂದು ಅವರೇ ಪುಟ್ಟಮ್ಮಜ್ಜಿಯನ್ನು ಕೇಳಲಿ.